ಕೂಸಿನ ವಕೀಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಕನ ಮಗಳಿಗೆ ಎರಡು ವರ್ಷ ತುಂಬಿದರೂ ಮಾತು ಬರದಿದ್ದುದರಲ್ಲಿ ಅರ್ಧ ತಪ್ಪು ನನ್ನದು. ಉಳಿದರ್ಧ, ನಾನು ಆಡಿದ್ದಕ್ಕೆಲ್ಲ ನಕ್ಕವರದು.

ಆಗ ನಾನು ಪಿಯುಸಿ ಫೇಲಾಗಿ ಕೊಟ್ಟೂರಿನ ಮನೆಯಲ್ಲಿ ಕೂತಿದ್ದೆ. ಅಕ್ಕ ಕಾನಹೊಸಹಳ್ಳಿ ಕಡೆ ಶಾಲೆಯಲ್ಲಿ ಟೀಚರು. ಭಾವ ಮಿಲಿಟರಿಯಲ್ಲಿದ್ದುದರಿಂದ ಅಕ್ಕ, ಕೂಸು ನಮ್ಮಲ್ಲೇ ಇದ್ದರು. ಬೆಳಿಗ್ಗೆಯ ಬಸ್ಸಿಗೆ ಅಕ್ಕ ಹೋದರೆ ಸಂಜೆಯವರೆಗೆ ಕೂಸು ಅವ್ವನದು ಮತ್ತು ನನ್ನದು. ನೀರೆರೆಯುವುದು, ಉಣಿಸುವುದು, ಮಲಗಿಸುವುದು ಅವ್ವನ ಪಾಲು. ಹೆಗಲ ಮೇಲೆ ಕೂರಿಸಿಕೊಂಡು ಓಣಿ ತಿರುಗಿಸುವ ಘನಕಾರ್ಯ ನನ್ನದು.

ನನಗಿದ್ದ ಒಂದೇ ವಿದ್ಯೆ, ಇನ್ನೊಬ್ಬರ ದನಿ ತೆಗೆಯುವುದು. ಕಂಡಕ್ಟರು ಮೂಗಿನಲ್ಲಿ ‘ಕೂಡ್ಲಿಗಿ’ ಎಂದು ಕೂಗುವುದು, ಕಿರಾಣಿ ಅಂಗಡಿಯ ಸಾವ್ಕಾರರು ಪ್ರತಿ ಮಾತಿಗೂ ಮೊದಲು ಕೆಮ್ಮುವುದು, ಹಾಲಿನವನ ಎಮ್ಮೆ, ಎಮ್ಮೆಗಿಂತ ಸ್ವಲ್ಪ ಒರಟಾದ ನನ್ನದೇ ಹಾಡು, ಎಲ್ಲವೂ ಬರುತ್ತಿದ್ದವು. ಹೀಗಿರುವಾಗ ಕೂಸನ್ನು ಬಿಡುತ್ತೇನೆಯೇ? ಓಣಿಯಲ್ಲಿ ಯಾರಾದರೂ ತಡೆದು, “ಏನ್ ಉಂಡಿ ಅವ್ವಾ?” ಎಂದು ಅದನ್ನು ಕೇಳಿದರೆ, ಕೆಳಗಿನಿಂದ ನಾನೇ ತೊದಲುವೆ: “ಲೊತ್ತಿ ಉಂದೀನ್ಲಿ. ಮಾಮಂದೂ ನಾನೇ ಉಂದೀನ್ಲಿ.” ಜನ ನಗುವರು, ಕೂಸೂ ನಗುವುದು. ಅದಕ್ಕೇನು ನಷ್ಟ? ಕೇಳಿದ್ದಕ್ಕೆ ಉತ್ತರ ಹೋಗುತ್ತಿತ್ತು, ಅಂಗಡಿಯಿಂದ ಬೆಲ್ಲ ಬರುತ್ತಿತ್ತು. ಫೀಜಿಲ್ಲದ ವಕೀಲ ಸಿಕ್ಕಿದ್ದ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೊಡನೆ ಅಕ್ಕ ಚೀಲ ನನ್ನ ಕೈಗೆ ಕೊಟ್ಟು, ಮಗಳನ್ನೆತ್ತಿಕೊಂಡು ಕೇಳುವಳು: “ಇವತ್ತ್ ಏನೇನ್ ಮಾಡ್ದಿ ನನ್ನವ್ವಾ?” ಅದಕ್ಕೂ ವರದಿ ನನ್ನದೇ. ಅಕ್ಕ ನಗುವಳು. ಆ ನಗು ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದುದು, ಊರಿನವರ ದನಿಯನ್ನೆಲ್ಲ ಹಿಡಿಯುವ ನನ್ನ ಕಿವಿಗೆ ಮಾತ್ರ ಬೀಳಲಿಲ್ಲ.

ಅವ್ವ ಬಜೆ ತೇದು ಕೂಸಿನ ನಾಲಿಗೆಗೆ ಹಚ್ಚಿದಳು. ಓಣಿಯ ಹಿರಿಯರು ತಮ್ಮ ತಮ್ಮ ಮನೆಗಳಲ್ಲಿ ತಡವಾಗಿ ಮಾತು ಕಲಿತವರ ಹೆಸರು ಹೇಳಿ ಸಮಾಧಾನ ಮಾಡಿದರು. ಅಕ್ಕನಿಗೆ ಸಮಾಧಾನವಾಗಲಿಲ್ಲ. ಒಂದು ದಿನ ರಜೆ ಹಾಕಿ ಹರಪನಹಳ್ಳಿಯ ಮಕ್ಕಳ ಡಾಕ್ಟರ ಹತ್ತಿರ ಹೊರಟಳು. ಚೀಲ ಹಿಡಿಯಲು ನಾನೂ ಹೋದೆ. ಡಾಕ್ಟರು ಕೂಸಿನ ಕಿವಿ, ಬಾಯಿ ನೋಡಿದರು, ಆಟಕ್ಕೆ ಗಿಲಕಿ ಕೊಟ್ಟರು, ಆಮೇಲೆ ಬೆಳಿಗ್ಗೆ ಏನು ತಿಂದೆ ಪುಟ್ಟಿ ಎಂದು ಕೇಳಿದರು. ರೂಢಿ ನೋಡಿ. “ಒಗ್ಗಾಣಿ ತಿಂದೀನ್ಲಿ” ಎಂದುಬಿಟ್ಟೆ. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಹೊರಗಿನ ಬೆಂಚು ತೋರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಆಮೇಲೆ ಡಾಕ್ಟರು ಹೇಳಿದ್ದನ್ನು ಹೇಳಿದಳು. ಕೂಸಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ತಿಳಿವಳಿಕೆಯೂ ಇದೆ. ಅದರ ಜೊತೆ ಮಾತಾಡಬೇಕು, ಏನಾದರೂ ಕೇಳಿದರೆ ಕಾಯಬೇಕು, ಅದರ ಪರವಾಗಿ ಯಾರೂ ಉತ್ತರ ಹೇಳಬಾರದು. ಕೆಲವು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು. ಬೈಗುಳಕ್ಕೆ ನಾನು ತಯಾರಾಗಿ ಕೂತಿದ್ದೆ. ಅಕ್ಕ ಬೈಯಲಿಲ್ಲ.

“ದಿನಾ ಬಸ್ಸಿನ್ಯಾಗ ಬರ್ತಾ, ಇಕಿ ದನಿ ಹೆಂಗಿರ್ತೈತೋ ಅಂತ ಯೋಚ್ನಿ ಮಾಡ್ತೀನಿ. ಇಳದ್ರ ನಿನ್ ದನಿ ಕೇಳ್ತೈತಿ. ಇಕೀದು ನಾ ಯಾವಾಗ ಕೇಳ್ಲಿ, ಹೇಳ್ಲೇ?”

ಅವತ್ತಿಗೆ ನನ್ನ ವಕೀಲಿ ಬಂದ್ ಆಯಿತು.

ಬಂದ್ ಎಂದು ಹೇಳುವುದು ಸುಲಭ. ಯಾರಾದರೂ ಕೂಸನ್ನು ಮಾತಾಡಿಸಿದರೆ ಸಾಕು, ಸೋಡಾ ಬಾಟಲಿಯ ಗೋಲಿಯಂತೆ ಉತ್ತರ ನನ್ನ ಗಂಟಲಲ್ಲಿ ಬಂದು ಒತ್ತುತ್ತಿತ್ತು. ಪಕ್ಕದಲ್ಲೇ ಇರುತ್ತಿದ್ದ ಅವ್ವ ನನ್ನ ತುಟಿಗೆ ಬೆರಳಿಟ್ಟು “ಸುಮ್ಕಿರಲೇ” ಅನ್ನುವಳು. ಬಾಯಿ ತೆರೆಯಬೇಕೆಂದೇನಿಲ್ಲ, ನಾನು ಉಸಿರು ಎಳೆದುಕೊಂಡರೂ “ಸುಮ್ಕಿರಲೇ.”

ಡಾಕ್ಟರ ಮಾತನ್ನು ಅಕ್ಕ ಓಣಿಯಲ್ಲೆಲ್ಲ ಹೇಳಿ ಬಂದಿದ್ದಳು. ಕಿರಾಣಿ ಸಾವ್ಕಾರರನ್ನು ನಾನು ಎಷ್ಟು ಸಲ ಅಣಕಿಸಿದ್ದೆನೋ ಅಷ್ಟು ಸಲ ಅವರಿಗೆ ಕೈಮುಗಿಯಬೇಕು. ಬೆಲ್ಲದ ಚೂರು ಹಿಡಿದು, ಏನು ಬೇಕವ್ವಾ ಎಂದು ಕೂಸನ್ನು ಕೇಳಿ, ಕೆಮ್ಮನ್ನೂ ತಡೆದುಕೊಂಡು ಕಾಯುವರು. ಹಿಂದೆ ನಿಂತ ಗಿರಾಕಿ ಗೊಣಗಿದರೆ, “ತಡೀರಿ, ಇಕಿ ಮೊದ್ಲು ಬಂದಾಳ” ಎನ್ನುವರು. ಕೂಸು ಸುಮ್ಮನೆ ಕೈ ಚಾಚಿದರೂ ಸತಾಯಿಸುತ್ತಿರಲಿಲ್ಲ. ಕೊಡುವಾಗ ‘ಬೆಲ್ಲ’ ಎಂದು ಮೆಲ್ಲಗೆ ಹೇಳುವರು, ಅಷ್ಟೇ. ಒಂದು ಬೆಳಿಗ್ಗೆ ಹಾಗೆ ಕಾಯುತ್ತಿದ್ದಾಗ ಕೂಸು ‘ಬೆಯ್ಯ’ ಎಂದಿತು. ಸಾವ್ಕಾರರು ಬೆಲ್ಲದ ಡಬ್ಬಿಯನ್ನೇ ಮುಂದೆ ತಳ್ಳಿದರು. ಆಮೇಲೆ ಅಷ್ಟು ದಿನ ತಡೆದಿಟ್ಟಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದರು.

ಹಾಗೇ ‘ಬಾ’ ಬಂತು, ‘ಬ್ಯಾಡ’ ಬಂತು. ಭಾನುವಾರ ಅವನ್ನು ಕೇಳಿ ಅಕ್ಕ ಅಡುಗೆ ಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಆದರೆ ಬಸ್ ಸ್ಟ್ಯಾಂಡಿನ ಆ ಒಂದು ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಅಕ್ಕ ಕೇಳಿದ ತಕ್ಷಣ ಕೂಸು ನನ್ನ ಮುಖ ನೋಡುತ್ತಿತ್ತು. ಅದು ನನ್ನ ಕೆಲಸವೆಂದೇ ಅದರ ತಿಳಿವಳಿಕೆ. ಅಕ್ಕ ಒಂದಷ್ಟು ಹೊತ್ತು ಕಾದು, ಇರಲಿ ಬಿಡು ಎಂದು ಕೆನ್ನೆಗೆ ಮುತ್ತಿಟ್ಟು ನಡೆಯುವಳು. ಚೀಲ ಹಿಡಿದು ಹಿಂದೆ ಹೋಗುವಾಗ ಅದು ಎಂದಿಗಿಂತ ಭಾರ ಅನ್ನಿಸುತ್ತಿತ್ತು.

ಈಗ ಆ ಹುಡುಗಿ ಶಾಲೆಗೆ ಹೋಗುತ್ತಾಳೆ, ನನಗೆ ಬಾಯಿ ತೆರೆಯಲು ಸಂದು ಕೊಡುವುದಿಲ್ಲ. ಅವಳ ಹರಟೆಯ ನಡುವೆ, ಗಿರಾಕಿಗಳನ್ನು ನಿಲ್ಲಿಸಿ ಕಾದ ಸಾವ್ಕಾರರು, ಬೈಯದೆ ಬಿಟ್ಟ ಅಕ್ಕ, ಬೈದೇ ತಿದ್ದಿದ ಅವ್ವ ನನಗೆ ನೆನಪಾಗುತ್ತಾರೆ. ಒಂದು ಕೂಸಿನ ಎರಡಕ್ಷರಕ್ಕೆ ಒಂದು ಓಣಿ ಅಷ್ಟು ಪುರುಸೊತ್ತು ಮಾಡಿಕೊಂಡಿತಲ್ಲ, ಆ ಋಣ ನನ್ನ ಯಾವ ಅಣಕಿನಿಂದಲೂ ತೀರುವುದಲ್ಲ.

ಆ ದಿನಗಳ ಒಂದು ಸಂಜೆಯದಷ್ಟು ಹೇಳಿಬಿಡುತ್ತೇನೆ. ಅವತ್ತು ಕೂಸು ಅವ್ವನ ಕನ್ನಡಕವನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟು, ನಮ್ಮಿಬ್ಬರನ್ನೂ ಮಧ್ಯಾಹ್ನದವರೆಗೆ ಹುಡುಕಿಸಿತ್ತು. ಇಂಥ ವರದಿ ಒಪ್ಪಿಸದೆ ಇರುವುದು ಹೇಗೆ? ಬಸ್ಸು ಬಂತು, ಅಕ್ಕ ಇಳಿದಳು, ಮಗಳನ್ನೆತ್ತಿಕೊಂಡು ಏನೇನು ಮಾಡಿದೆ ಎಂದು ಕೇಳಿದಳು. ಕೂಸು ನನ್ನ ಕಡೆ ತಿರುಗಿತು. ನಾನು ಉಸಿರು ಎಳೆದುಕೊಂಡೆ, ಅಷ್ಟೇ. ಅದು ಅಕ್ಕನ ತೋಳಿನಿಂದ ಬಾಗಿ ನನ್ನ ತುಟಿಗೆ ಬೆರಳಿಟ್ಟಿತು. ದನಿ ಅದರದು. ಧಾಟಿ ಮಾತ್ರ ತದ್ರೂಪು ಅವ್ವನದು, ನನಗೂ ಅಷ್ಟು ಸರಿಯಾಗಿ ಎಂದೂ ಬಂದಿಲ್ಲ.

“ಸುಮ್ಕಿರ್ಲೇ ಮಾಮಾ. ನಾ.”