ಗವರ್ನರನ ಹೆಂಡತಿಯ ಕಾಲು

ಹೋದ ವಾರ ನಮ್ಮ ಶಾಲೆಯ ಗ್ಯಾದರಿಂಗ್, ವಾರ್ಷಿಕೋತ್ಸವ. ರಾಕ್ಷಸನ ವೇಷಕ್ಕೆಂದು ಯಾರೋ ದೀಪದ ಮಸಿಗೆ ಕೊಬ್ಬರಿ ಎಣ್ಣೆ ಕಲೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾನ್ವಿಯ ಈ ಶಾಲೆಯ ಟೀಚರಾದ ನಾನು ಎದ್ದು ವರಾಂಡಕ್ಕೆ ಬಂದುಬಿಟ್ಟೆ.

ನಾನು ದೇವದುರ್ಗದಲ್ಲಿ ಒಂಬತ್ತನೆಯ ತರಗತಿ ಓದುವಾಗ ನನ್ನ ಪಕ್ಕ ಕೂರುತ್ತಿದ್ದವಳು, ಶಾಲೆಯ ಕಸ ಗುಡಿಸುವ ಅವ್ವನ ಮಗಳು. ಓದಿನಲ್ಲಿ ನನಗಿಂತ ಮುಂದು. ನನಗೆ ಬಾರದ ಲೆಕ್ಕಗಳನ್ನೆಲ್ಲ ಅವಳೇ ಬಿಡಿಸಿಕೊಡುತ್ತಿದ್ದಳು...

ಆ ವರ್ಷ ಇತಿಹಾಸದ ಮಾಸ್ತರರು ಒಂದು ನಾಟಕ ಬರೆದರು. ಸಮುದ್ರದಾಚೆ ದೊಡ್ಡ ಹೊಳೆಯ ದಂಡೆಯಲ್ಲಿ ಒಂದು ಊರು. ಮೊದಲು ಆಳಿದ್ದು ಫ್ರೆಂಚರು, ಆಮೇಲೆ ಸ್ಪೇನಿನವರು. ಆ ಊರಿನ ಒಂದು ದಿನವೇ ನಾಟಕ. ಬೆಳಿಗ್ಗೆ ದೋಣಿಗಳಿಂದ ತೊಗಲು, ಧಾನ್ಯ ಇಳಿಯುವುದು, ರೊಟ್ಟಿಯಂಗಡಿಯ ಹೊಗೆ, ಹೊಳೆಯಲ್ಲಿ ಬಟ್ಟೆ ಒಗೆಯುವ ಗುಲಾಮ ಹೆಂಗಸರು, ಮಧ್ಯಾಹ್ನ ಒಂದು ಬಾವುಟ ಇಳಿದು ಇನ್ನೊಂದು ಏರುವುದು. ನಾನು ಗವರ್ನರನ ಹೆಂಡತಿ. ಅವಳು ನನ್ನ ಕಾಲು ತೊಳೆಯುವ ಗುಲಾಮಳು.

“ಸರ್, ನಾ ರೊಟ್ಟಿ ಮಾರಾಕಿ ಆಗ್ತೀನ್ರಿ,” ಎಂದಳು.

“ಇದನ್ನ ನಿನಗ ಕಲಿಸೋದೇನದ? ಮನ್ಯಾಗ ನಿಮ್ಮವ್ವನ್ನ ನೋಡಿಯಲ್ಲ!” ಎಂದರು ಮಾಸ್ತರರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಅವಳು ನನಗಿಂತ ಬೆಳ್ಳಗಿದ್ದಳು. ಅದಕ್ಕೇ ಅವಳ ಮುಖಕ್ಕೆ, ತೋಳಿಗೆ ದಪ್ಪಗೆ ಮಸಿ ಬಳಿದರು. ನನಗೆ ಪೌಡರ್.

ನಾಟಕದ ದಿನ ಊರೆಲ್ಲ ಸೇರಿತ್ತು. ಬಾವುಟ ಬದಲಾಯಿತು. ನಾನು ಕುರ್ಚಿಯಲ್ಲಿ ಕೂತು ಕಾಲು ಚಾಚಿದೆ. ಅವಳು ಬೋಗುಣಿ ಹಿಡಿದು ಕೆಳಗೆ ಕೂತಳು. ಅಷ್ಟರಲ್ಲಿ ನನಗೆ ಮುಂದಿನ ಮಾತು ಮರೆತುಹೋಯಿತು. ಜನ ಕಾಯುತ್ತಿದ್ದರು. ಏನು ಮಾಡಬೇಕೋ ತೋಚದೆ ಅವಳ ಎದೆಗೆ ಒದ್ದೆ. ನೀರಿನ ಸಮೇತ ಮಗುಚಿ ಬಿದ್ದಳು. ಜನ ಬಿದ್ದು ಬಿದ್ದು ನಕ್ಕರು, ಸಿಳ್ಳೆ ಹೊಡೆದರು. ಬಾಗಿಲ ಬಳಿ ಅವಳ ಅವ್ವ ನಿಂತಿದ್ದಳು. ಮಾಸ್ತರರು ಪರದೆಯ ಹಿಂದಿನಿಂದ “ಶಹಬ್ಬಾಸ್!” ಎಂದರು.

ಆಮೇಲೆ ನಲ್ಲಿಯ ಹತ್ತಿರ ಅವಳು ಮುಖ ಉಜ್ಜಿಕೊಳ್ಳುತ್ತಿದ್ದಳು.

“ಒದಿಯೋದು ಬರ್ದಿದ್ದಿಲ್ಲಲ್ಲ?” ಎಂದು ಕೇಳಿದಳು.

“ಮಂದಿ ನಕ್ಕರಲ್ಲ, ಚಲೋ ಆತಲ್ಲ,” ಎಂದೆ.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ತಿಂಗಳಾದ ಮೇಲೆ ವಿಚಾರಿಸಿದಾಗ ಅವಳ ಅವ್ವ ಗುಡಿಸುವುದನ್ನು ನಿಲ್ಲಿಸಿ, “ಮಟಮಾರಿಗೆ ಕೊಟ್ವಿ ಯವ್ವಾ, ಲಗ್ನ ಆತು. ಸಾಲಿಗೆ ಹೋಗು ಅಂತ ಹೊಡ್ದೆ, ಬಡ್ದೆ... ಒಲ್ಲೆ ಅಂದ್ಲು,” ಎಂದಳು. ಮತ್ತೆ ಗುಡಿಸತೊಡಗಿ, “ನಿನ್ನ ನಾಟಕ ಚಲೋ ಇತ್ತವ್ವಾ,” ಎಂದಳು. ವ್ಯಂಗ್ಯವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು.

ಗ್ಯಾದರಿಂಗ್ ಮುಗಿದ ಮರುದಿನ ಮಟಮಾರಿಗೆ ಹೋದೆ. ಇಷ್ಟು ವರ್ಷ ಹೋಗಿರಲಿಲ್ಲ. ಮನೆ ಹುಡುಕಿಕೊಂಡು ಹೋದರೆ ಅವಳ ನಾದಿನಿ ಸಿಕ್ಕಳು. ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಳಂತೆ, ಕೂಸೂ ಉಳಿಯಲಿಲ್ಲವಂತೆ. ನಾನು ಮಾನ್ವಿಯಲ್ಲಿ ಮಕ್ಕಳಿಗೆ ಪಾಠ ಹೇಳಲು ಶುರುಮಾಡುವ ಎಷ್ಟೋ ವರ್ಷ ಮೊದಲೇ...

“ಕಲ್ತಾಕಿ ಅಂತ ಹೇಳಿದ್ರರಿ ಲಗ್ನದಾಗ,” ಎಂದಳು ನಾದಿನಿ. “ಒಂದು ಕಾಗದ ಓದು ಅಂದ್ರ, ನಾ ಸಾಲಿ ಮೆಟ್ಲಾನೇ ಹತ್ತಿಲ್ಲ ಅಂತಿದ್ಲು. ನೀವು ಆಕಿಗೆ ಏನಾಗ್ಬೇಕ್ರಿ?”

“ಏನಿಲ್ರಿ, ಊರ ಕಡೀಂದ ಗುರ್ತು ಅಷ್ಟ,” ಎಂದು ಹೇಳಿ ಬಸ್ಸಿಗೆ ನಡೆದೆ.