ಮಸ್ಕಿಯಲ್ಲಿ ಕೊಟ್ಟ ಎರಡು ಗುಳಿಗೆ

ಮೌನೇಶ, ಮೂರು ವರ್ಷದ ಹಿಂದೆ ಮಸ್ಕಿಯಲ್ಲಿ ನಿನ್ನ ಅಂಗೈಗೆ ನಾನು ಹಾಕಿದ ಆ ಎರಡು ಗುಳಿಗೆ ಕ್ಯಾಲ್ಸಿಯಂ ಆಗಿರಲಿಲ್ಲ. ನೋವಿನ ಗುಳಿಗೆ. ನಿನಗೆ ಬಿ.ಪಿ. ಇದೆ, ನೋವಿನ ಗುಳಿಗೆ ಮುಟ್ಟಬೇಡ ಎಂದು ನಿನ್ನ ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ — ಹೆಸರು ಬದಲಿಸಿ ಕೊಟ್ಟೆ.

ಹೋದ ಭಾನುವಾರ ಅಷ್ಟು ಜನರೆದುರು ನಿನ್ನ ಕೊರಳಿನ ಹಾರ ತೆಗೆದು ನನಗೆ ಹಾಕಿದೆಯಲ್ಲ, ಆ ಹಾರದ ಚೆಂಡು ಹೂವು ಇನ್ನೂ ಬಾಡಿಲ್ಲ. ಅದನ್ನು ನೋಡುತ್ತಲೇ ಬರೆಯುತ್ತಿದ್ದೇನೆ.

ಇದನ್ನು ಓದುವ ಬೇರೆಯವರಿಗೂ ನಾನು ಯಾರೆಂದು ತಿಳಿಯಲಿ. ಸಿಂಧನೂರಿನಲ್ಲಿ ಗೊಬ್ಬರ, ಕ್ರಿಮಿನಾಶಕದ ಅಂಗಡಿ ನನ್ನದು. ಬೇರೆಯವರ ಪಂಪು ಹೊತ್ತು, ಬೇರೆಯವರ ಗದ್ದೆಗೆ ಹುಳದ ಎಣ್ಣೆ ಹೊಡೆದು ಮೇಲೆ ಬಂದವನು. ಆರ್.ಎಚ್. ಕ್ಯಾಂಪಿನಿಂದ ಹಿಡಿದು ಸುತ್ತಲ ಹಳ್ಳಿಯ ರೈತರೆಲ್ಲ ಹುಳ ಬಿದ್ದ ಭತ್ತದ ತೆನೆ ಹಿಡಿದು ಬರುತ್ತಾರೆ. ನಾನು ಔಷಧಿ ಹೇಳುತ್ತೇನೆ. ಡಬ್ಬಿಯ ಮೇಲೆ ಒಂದು ಮುಚ್ಚಳ ಎಂದು ಬರೆದಿದ್ದರೆ ಎರಡು ಹಾಕು ಎನ್ನುವವನು. ಕೇಳದಿದ್ದರೂ ಸಲಹೆ ಕೊಡುವ ಚಟ. ಸಕ್ಕರೆ ಕಾಯಿಲೆ ಬಂದ ಮೇಲೆ ಕಾಲುವೆ ದಂಡೆಯಲ್ಲಿ ಓಡಲು ಶುರು ಮಾಡಿದೆ. ಹಟ್ಟಿಯ ಬಂಗಾರದ ಗಣಿಯಲ್ಲಿ ಪಾಳಿ ಕೆಲಸದ ಮೌನೇಶ ರಜೆಗೆ ಊರಿಗೆ ಬಂದಾಗ ನನ್ನ ಜೊತೆಯಾದ. ಓಡುವುದನ್ನು ಅವನಿಂದ ನಾನು ಕಲಿತೆ. ಆದರೆ ಸಲಹೆ ಮಾತ್ರ ನನ್ನದೇ ನಡೆಯುತ್ತಿತ್ತು.

ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು — ಐವತ್ತು ಕಿಲೋಮೀಟರಿಗೂ ಮೇಲೆ — ಇಬ್ಬರೂ ಓಡಿ ಬರುತ್ತೇವೆ ಎಂದು ಊರಿಗೆಲ್ಲ ಡಂಗುರ ಹೊಡೆದವನು ನಾನೇ, ಮೌನೇಶ. ಬೆಳಗಾಗುವ ಮೊದಲೇ ಲಿಂಗಸುಗೂರು ಬಿಟ್ಟೆವು. ಮಸ್ಕಿಯ ಚಹಾದಂಗಡಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು, ನಿನ್ನ ಬಲ ಮೊಣಕಾಲು ಊದಿತ್ತು. ನೀನು ಕಟ್ಟೆಯ ಮೇಲೆ ಕೂತು ಹೇಳಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ.

"ಪಂಪಣ್ಣಾ, ಇಲ್ಲಿಗೆ ಸಾಕು ಮಾಡೋಣು. ಕಾಲು ಒಲ್ಲೆ ಅನ್ನಾಕತ್ತೈತಿ."

"ಅಂಗಡಿ ಮುಂದ ಹಲಗಿ ಬಡಿಯಾವ್ರು ಬಂದು ಕುಂತಾರ ಲೇ! ಎರಡು ಗುಳಿಗಿ ನುಂಗು."

"ನೋವಿಂದೇನು? ಬ್ಯಾಡಪಾ. ಬಿ.ಪಿ. ಐತಿ ನಂಗ."

"ನೋವಿಂದಲ್ಲ ಲೇ, ಕ್ಯಾಲ್ಸಿಯಂ! ಎಮ್ಮಿಗೂ ಹಾಕ್ತಾರ."

ನೀನು ನಕ್ಕೆ. ನುಂಗಿದೆ. ಚೊಂಬು ತುಂಬ ನೀರು ಕೇಳಿದಾಗ ನಾನು ಅರ್ಧಕ್ಕೇ ಕಸಿದುಕೊಂಡೆ. ಕೊಯ್ಲಿಗೆ ಮುಂಚೆ ಗದ್ದೆಯ ನೀರು ಬಸಿಯುತ್ತೇವಲ್ಲ — ನೆಲ ಗಟ್ಟಿಯಾಗಲಿ, ಕೊಯ್ಯುವ ಯಂತ್ರ ಹೂತುಕೊಳ್ಳದಿರಲಿ ಎಂದು — ಆ ಲೆಕ್ಕವನ್ನೇ ನಿನ್ನ ಮೈಗೂ ಹಾಕಿದೆ. "ನೀರು ಕುಡದ್ರ ಕಾಲು ಭಾರ ಆಕ್ಕಾವ" ಎಂದೆ. ಮನುಷ್ಯನನ್ನು ಭತ್ತದ ಮಡಿ ಎಂದುಕೊಂಡೆ. ನಿನ್ನ ಹಿತಕ್ಕೆ ಹಾಗೆ ಹೇಳಿದೆ ಎಂದು ಈಗ ಬರೆದರೆ ಅದೂ ಸುಳ್ಳಾಗುತ್ತದೆ. ನಿನ್ನ ಹೆಜ್ಜೆ ಹಿಡಿಯದೆ ಮಸ್ಕಿಯಾಚೆ ಒಬ್ಬನೇ ಓಡುವ ತಾಕತ್ತು ನನಗಿರಲಿಲ್ಲ. ಹಲಗೆಯ ಸದ್ದು ನನಗೆ ಬೇಕಾಗಿತ್ತು.

ಸಿಂಧನೂರು ಮುಟ್ಟಿದೆವು. ಹಲಗೆ ಬಡಿದರು, ಗುಲಾಲು ಎರಚಿದರು. ನೀನು ಅಂಗಡಿಯ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಸಂಜೆಗೆ ಉಚ್ಚೆ ಕಡು ಚಹಾದ ಬಣ್ಣಕ್ಕೆ ತಿರುಗಿತು. ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ಓಡಿದ್ದು ನಿಜ. ಊರು ಅದನ್ನಷ್ಟೇ ನೋಡಿತು. ಒಳಗೆ ಡಾಕ್ಟರಮ್ಮ ಕೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

"ನೋವಿನ ಗುಳಿಗಿ ಏನರೆ ತಗೊಂಡಿದ್ರೇನು?"

ನೀನು ಕಣ್ಣು ಮುಚ್ಚಿಕೊಂಡೇ ಹೇಳಿದೆ: "ಇಲ್ರೀ. ಕ್ಯಾಲ್ಸಿಯಂ ಅಷ್ಟ."

ಅವರು ನನ್ನ ಮುಖ ನೋಡಿದರು. ಆಗಲೂ ಹೇಳಬಹುದಿತ್ತು — ಬಾಯಿಗೆ ಬಂದಿತ್ತು —

"ಹೌದ್ರೀ ಮೇಡಂ, ಕ್ಯಾಲ್ಸಿಯಂನ" ಎಂದುಬಿಟ್ಟೆ.

ನೀರಿಲ್ಲದ ಮೈ, ಬಿಸಿಲು, ಮಿತಿಮೀರಿ ದಣಿದ ಮಾಂಸಖಂಡ, ಅದರ ಮೇಲೆ ಆ ಗುಳಿಗೆ — ಮೂತ್ರಪಿಂಡ ಸೋತಿತು. ಎರಡು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆದರು. ಬರೀ ಓಟಕ್ಕೆ ಇಷ್ಟು ಹೇಗೆ ಕೆಟ್ಟಿತು ಎಂದು ಡಾಕ್ಟರಮ್ಮ ಚೀಟಿ ಮೇಲೆ ಚೀಟಿ ಬರೆದು ಹುಡುಕುತ್ತಿದ್ದರು. ಉತ್ತರ ಅವರೆದುರೇ ಕೈ ಕಟ್ಟಿಕೊಂಡು ನಿಂತಿತ್ತು.

ಇದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ಕುಡಿದು ಓಡಿದ್ದಾನೆ, ಅದಕ್ಕೇ ಹೀಗಾಯಿತು ಎಂದು ಹಟ್ಟಿಯಲ್ಲಿ ಮಾತೆದ್ದಿತು. ನೀನು ಜನ್ಮದಲ್ಲಿ ಮುಟ್ಟಿದವನಲ್ಲ. ನಿನ್ನ ಹೆಂಡತಿ ಈರಮ್ಮ ದವಾಖಾನೆಯ ಗೋಡೆಗೆ ಆತು ನಿಂತು ನನ್ನನ್ನು ಕೇಳಿದಳು.

"ಅಣ್ಣಾ, ಜೊತಿಗಿದ್ದವ್ರು ನೀವು. ಖರೇ ಹೇಳ್ರಿ, ಇವ್ರು ಕುಡದಿದ್ರೇನು?"

"ನಾ ನೋಡಿಲ್ಲವ್ವಾ."

ಇಲ್ಲ ಎನ್ನಲಿಲ್ಲ. ನೋಡಿಲ್ಲ ಎಂದೆ. ವ್ಯಾಪಾರದ ಬಾಯಿ ಅದು — ಸುಳ್ಳೂ ಅಲ್ಲ, ಸತ್ಯವೂ ಅಲ್ಲ, ನನ್ನ ಕಡೆಗೆ ಮಾತ್ರ ತೂಗುವ ಮಾತು. ಆ ಒಂದು ಮಾತು ನಿಮ್ಮ ಮನೆಯಲ್ಲಿ ಎಷ್ಟು ದಿನ ಕುಂತಿತ್ತೋ, ನೀನು ಎಂದೂ ಹೇಳಲಿಲ್ಲ.

ನೀನು ಎದ್ದೆ. ವರ್ಷ ಹಿಡಿಯಿತು, ಆದರೂ ಎದ್ದೆ. ಡಾಕ್ಟರಮ್ಮ ರಕ್ತ ನೋಡಿ, ಬಿ.ಪಿ. ನೋಡಿ, ಮೊದಲು ನಡೆಯಲು ಬಿಟ್ಟರು, ಆಮೇಲೆ ಓಡಲು. ಈ ಸಲ ಅದೇ ದಾರಿ ಮತ್ತೆ ಓಡುತ್ತೇನೆ ಎಂದಾಗ ನೂರು ಕರಾರು ಹಾಕಿ ಒಪ್ಪಿದರು. ಹೊರಡುವ ಹಿಂದಿನ ದಿನ ನೀನು ಅಂಗಡಿಗೆ ಬಂದೆ.

"ಪಂಪಣ್ಣಾ, ಆವತ್ತಿನ ಕ್ಯಾಲ್ಸಿಯಂ ಗುಳಿಗಿ ಅದಾವೇನು? ಮೊಣಕಾಲು ಹೂವಿನಂಗ ಆಗಿತ್ತು ನೋಡು."

ನನ್ನ ಸುಳ್ಳನ್ನು ನೀನು ಇಷ್ಟು ವರ್ಷ ಔಷಧಿ ಎಂದೇ ನೆನಪಿಟ್ಟಿದ್ದೆ. "ಖಾಲಿ ಆಗ್ಯಾವ ಲೇ" ಎಂದೆ. ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಸಿಗುವ ವಸ್ತುವಿಗೆ ಖಾಲಿ ಎಂದೆ! ಮತ್ತೊಂದು ಸುಳ್ಳು. ನೀನು ಬೇರೆ ಕಡೆ ಕೇಳಬಾರದೆಂದು ಇಡೀ ಸಂಜೆ ನಿನ್ನನ್ನು ಬಿಟ್ಟು ಕದಲಲಿಲ್ಲ.

ಮರುದಿನ ನಾನು ಓಡಲಿಲ್ಲ. ಬೈಕಿಗೆ ನೀರಿನ ಕ್ಯಾನು, ಉಪ್ಪು ಸಕ್ಕರೆಯ ನಿಂಬೆ ಪಾನಕ ಕಟ್ಟಿಕೊಂಡು ನಿನ್ನ ಹಿಂದೆಯೇ ಬಂದೆ. ಮಸ್ಕಿಯಲ್ಲಿ ಮೊಣಕಾಲು ಹಿಡಿಯಿತು. ಈ ಸಲ ನೀನು ಯಾರನ್ನೂ ಕೇಳದೆ ನಡೆದೆ. ನಡೆದೆ, ಕುಡಿದೆ, ನೆರಳಿಗೆ ಕೂತೆ, ಮತ್ತೆ ಓಡಿದೆ. ಸಿಂಧನೂರು ಇನ್ನೇನು ಬಂತು ಎನ್ನುವಾಗ ಉಚ್ಚೆಗೆಂದು ಜಾಲಿ ಗಿಡದ ಮರೆಗೆ ಹೋದವನು ಅಲ್ಲಿಂದಲೇ ಕೂಗಿದೆ:

"ಪಂಪಣ್ಣಾ! ಬಂಗಾರ ಲೇ! ಹಟ್ಟಿ ಬಂಗಾರ!"

ದಾರಿಹೋಕರು ನಿಂತು ನೋಡಿದರು. ನಾನು ಬೈಕು ಹಿಡಿದು ನಗುತ್ತ ನಗುತ್ತ ಅತ್ತುಬಿಟ್ಟೆ. ಕಡು ಚಹಾ ಅಲ್ಲ — ಬಂಗಾರ. ನೀನು ಗೆದ್ದಿದ್ದೆ, ಮೌನೇಶ. ರಸ್ತೆಯ ಮೇಲೆ, ರೋಗದ ಮೇಲೆ, ನನ್ನ ಸಲಹೆಯ ಮೇಲೆ ಗೆದ್ದಿದ್ದೆ. ಊರೊಳಗೆ ಹಲಗೆ ಮೊಳಗಿದ್ದು ಈ ಸಲ ಸರಿಯಾದ ಮನುಷ್ಯನಿಗೆ. ಈರಮ್ಮ ಶಿಳ್ಳೆ ಹೊಡೆದಳು, ನಾನೇ ಕೇಳಿದ್ದೇನೆ!

ಆಮೇಲೆ ನೀನು ಮೈಕು ಹಿಡಿದೆ. "ನನ್ನ ಜೀವ ಉಳಿಸಿದಾವ ಇಂವ" ಎಂದೆ. ಹಾರ ನನ್ನ ಕೊರಳಿಗೆ ಬಂತು.

ಓಡುವವರಿಗೆ ನನ್ನ ಕೊನೆಯ ಸಲಹೆ: ನೋವನ್ನು ಗುಳಿಗೆಯಿಂದ ಮುಚ್ಚಿ ಓಡಬೇಡಿ, ನೀರಿನಲ್ಲಿ ಜಿಪುಣತನ ಬೇಡ, ಡಾಕ್ಟರ ಮುಂದೆ ನುಂಗಿದ್ದನ್ನು ಬಚ್ಚಿಡಬೇಡಿ. ಗೊಬ್ಬರದಂಗಡಿಯವನ ಮಾತು ಗದ್ದೆಗಷ್ಟೇ ಇರಲಿ.

ಮೌನೇಶ, ನಾಳೆ ಈ ಹಾಳೆಗಳನ್ನು ಮೊದಲು ನಿನ್ನ ಕೈಗೆ ಕೊಡುತ್ತೇನೆ. ಆಮೇಲೆ ಈರಮ್ಮನ ಎದುರು ನಿಂತು 'ನಾ ನೋಡಿಲ್ಲ' ಎಂದ ಬಾಯಿಂದಲೇ 'ಅವ ಕುಡದಿರಲಿಲ್ಲ' ಎನ್ನುತ್ತೇನೆ. ಡಾಕ್ಟರಮ್ಮನ ಬಳಿಗೂ ಹೋಗುತ್ತೇನೆ. ಬೆಳಗಿನ ಪಾಳಿ ಬಿಡುವ ಹೊತ್ತಿಗೆ ಹಟ್ಟಿಯ ಗೇಟಿನಲ್ಲಿ ನಿಂತು, ನಿನ್ನನ್ನು ಕುಡುಕ ಎಂದವರು ಹೊರಬರುವಾಗ, ಗುಳಿಗೆಯ ಹೆಸರು ಹಿಡಿದು ಹೇಳುತ್ತೇನೆ. ಹಾರವೂ ನನ್ನ ಕೈಯಲ್ಲಿರುತ್ತದೆ, ನಿನಗೆ ಮರಳಿಸಲು.

ನೀನು ಬಯ್ಯಬಹುದು. ಇನ್ನು ಮುಂದೆ ಕಾಲುವೆ ದಂಡೆಗೆ ಬರಬೇಡ ಎನ್ನಬಹುದು. ಹುಟ್ಟಿದಾಗಿನಿಂದ ಎಲ್ಲದಕ್ಕೂ ಚೌಕಾಸಿ ಮಾಡಿದವನು ನಾನು. ನೀನು ಏನೇ ಹೇಳು — ಒಂದು ಮಾತೂ ಇಳಿಸಿ ಕೇಳುವುದಿಲ್ಲ.