ಆರ್ಲೀನ್ ಎಳೆದುಕೊಟ್ಟ ಪಿಸ್ತೂಲು

ಡೆಲ್ಬರ್ಟ್ ಯೋಕಮ್‌ನ ಬಲಗೈ ಹೆಬ್ಬೆರಳನ್ನು ತಿಂದುಹಾಕಿದ್ದು ಗ್ಯಾಸು. ಬೆಂಕಿಯಿಂದಲ್ಲ, ಚಳಿಯಿಂದ. ಮಿಸೌರಿಯ ಓಝಾರ್ಕ್ ಗುಡ್ಡಗಳ ಮಣ್ಣುದಾರಿಗಳಲ್ಲಿ ಜೀವಮಾನವಿಡೀ ಗ್ಯಾಸಿನ ಟ್ಯಾಂಕರ್ ಓಡಿಸಿದ ಮನುಷ್ಯ ಅವನು. ಹಿಮ ಬಿದ್ದ ದಿನವೇ ಎಲ್ಲರ ಮನೆಯಲ್ಲೂ ಗ್ಯಾಸು ಮುಗಿಯುವುದು, ಹಿಮ ಬಿದ್ದ ದಿನವೇ ಟ್ಯಾಂಕಿನ ಕಬ್ಬಿಣದ ತಿರುಪು ಬಿಗಿದುಕೊಳ್ಳುವುದು. ಕೈಗವಸು ಹಾಕಿದರೆ ಹಿಡಿತ ಸಿಗುವುದಿಲ್ಲವೆಂದು ಬರಿಗೈಯಲ್ಲೇ ತಿರುಗಿಸುತ್ತಿದ್ದ. ಆಗೆಲ್ಲ ಏನೂ ಅನ್ನಿಸಲಿಲ್ಲ. ಎಪ್ಪತ್ತು ದಾಟಿದ ಮೇಲೆ ಹೆಬ್ಬೆರಳಿನ ಬುಡ ಸೇಡು ತೀರಿಸಿಕೊಳ್ಳಲು ಶುರುಮಾಡಿತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಆರ್ಲೀನಳನ್ನು ಕರೆಯಬೇಕಾಯಿತು. ಆರ್ಲೀನ್ ಅವನ ಹೆಂಡತಿ. ಆಡಿನ ಹಾಲು ಕರೆದು ಕರೆದು ಅವಳ ಕೈ ಮಾತ್ರ ಇನ್ನೂ ಇಕ್ಕಳದ ಹಾಗೇ ಇತ್ತು.

ಟ್ಯಾಂಕರಿನ ದಿನಗಳಿಂದಲೂ ಅವನ ಬಲಗಡೆ ಜೇಬಿನಲ್ಲಿ ಒಂದು ಗಿಡ್ಡ ರಿವಾಲ್ವರು ಇರುತ್ತಿತ್ತು. ಆ ದಾರಿಗಳಲ್ಲಿ ಒಂಟಿಯಾಗಿ ಓಡಾಡುವವರ ಜೇಬಿನಲ್ಲಿ ಅದು ಕರವಸ್ತ್ರದಷ್ಟೇ ಸಹಜ. ಹಾವಿನ ಮೇಲೆ ಎರಡು ಮೂರು ಸಲ ಹಾರಿಸಿದ್ದ, ಮನುಷ್ಯರ ಕಡೆ ಒಮ್ಮೆಯೂ ತಿರುಗಿಸಿದವನಲ್ಲ.

ಕೆಲಸ ಬಿಟ್ಟ ಮೇಲೆ ಅವನಿಗೆ ಇನ್ನೊಂದು ಕೆಲಸ ಸಿಕ್ಕಿತು. ಬೇರೆ ಕಡೆಯ ಚರ್ಚುಗಳಿಗೆ ಯಾರೋ ಬಂದೂಕು ಹಿಡಿದು ನುಗ್ಗಿ ಆಗಬಾರದ್ದು ಆದ ಸುದ್ದಿ ಬರತೊಡಗಿದಾಗ, ಡ್ರೈ ಫೋರ್ಕ್ ಚರ್ಚಿನ ಹಿರಿಯರು ಕೂತು ಮಾತಾಡಿ ಕಾವಲಿಗೆ ಅಂತ ಕೆಲವರನ್ನು ಆರಿಸಿದರು. ಬಾಗಿಲ ಬಳಿಯ ಕುರ್ಚಿ ಡೆಲ್ಬರ್ಟನಿಗೆ ಬಂತು. ಆ ಕುರ್ಚಿಯವನು ಬಂದವರಿಗೆ ಎಡಗೈಯನ್ನೇ ಕೊಡಬೇಕು, ಬಲಗೈ ಜೇಬಿನ ಹತ್ತಿರವೇ ಇರಬೇಕು. ಎಡಗೈ ಹಿಡಿದು ಕುಲುಕುವುದು ಮಕ್ಕಳಿಗೂ ಅಭ್ಯಾಸವಾಗಿಹೋಗಿತ್ತು. ಸುತ್ತಲ ಅಷ್ಟೂ ಮನೆಗಳ ಹಿತ್ತಲು ಕಂಡವನಾದ್ದರಿಂದ ಯಾರು ಬಂದರು, ಯಾರು ಬರಲಿಲ್ಲ, ಯಾರ ಮುಖ ಇಂದು ಸರಿಯಿಲ್ಲ ಎಂಬುದು ಅವನಿಗೆ ಥಟ್ಟನೆ ತಿಳಿಯುತ್ತಿತ್ತು. ಟ್ಯಾಂಕರ್ ನಿಂತ ಮೇಲೆ ಅವನಿಗಾಗಿ ಯಾರೂ ಕಾಯುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಜನ ಮತ್ತೆ ಅವನನ್ನು ಹುಡುಕಿ ನೋಡತೊಡಗಿದ್ದರು. ಅದನ್ನು ಅವನು ಯಾರಿಗೂ ಹೇಳಿದವನಲ್ಲ, ಆರ್ಲೀನಳಿಗೂ.

ಪ್ರತಿ ವರ್ಷ ಚಳಿ ಇಳಿದ ಮೇಲೆ ಕಾವಲಿನವರೆಲ್ಲ ಊರಾಚೆಯ ಹಳೆಯ ಜಲ್ಲಿಗುಂಡಿಯಲ್ಲಿ ಸೇರಿ ಕಾಗದದ ತಟ್ಟೆಗೆ ಗುರಿಯಿಡಬೇಕು. ಜೇಬಿನಲ್ಲಿ ಯಾವುದನ್ನು ಇಟ್ಟುಕೊಂಡಿರುತ್ತಾರೋ ಅದರಲ್ಲೇ ಹೊಡೆಯಬೇಕು, ಒಂದು ಗುಂಡೂ ತಟ್ಟೆಯ ಆಚೆ ಹೋಗಬಾರದು. ಈ ಸಲ ಡೆಲ್ಬರ್ಟನ ರಿವಾಲ್ವರಿನ ಕುದುರೆಯೇ ಬೆರಳಿಗೆ ಬಗ್ಗಲಿಲ್ಲ. ಎರಡು ಕೈಯ ಬೆರಳೂ ಸೇರಿಸಿ ಎಳೆದ. ಗುಂಡು ಹಾರಿತು, ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ತಂಡದ ಮುಂದಾಳು ರಾಡ್ನಿ ಹಿಂದೆ ಪೊಲೀಸಿನಲ್ಲಿದ್ದವನು. ಅವನು ಡೆಲ್ಬರ್ಟನನ್ನು ಪಕ್ಕಕ್ಕೆ ಕರೆದ.

"ಬ್ರದರ್ ಡೆಲ್ಬರ್ಟ್, ನಿಮ್ಗೆ ಹೇಳೋಷ್ಟು ದೊಡ್ಡೋನಲ್ಲ ನಾನು. ನಾನು ಚಡ್ಡಿ ಹಾಕ್ಕೊಂಡು ಓಡಾಡ್ವಾಗ ನಮ್ಮನೆಗೆ ಗ್ಯಾಸ್ ತರ್ತಿದ್ದೋರು ನೀವು. ಆದ್ರೆ ತಟ್ಟೆ ಎಲ್ರಿಗೂ ಒಂದೇ ಅಲ್ವಾ?"

"ಒಂದೇ. ನಾನು ಬೇರೆ ತಟ್ಟೆ ಕೇಳಿದ್ನಾ?"

"ಇಲ್ಲ. ಅದಕ್ಕೇ ಹೇಳ್ತಿರೋದು. ಕೈಗೆ ಒಗ್ಗೋ ಅಂಥದ್ದು ಬೇರೆ ನೋಡ್ಕೊಳ್ಳಿ. ಈಸ್ಟರ್ ಹಿಂದಿನ ಶನಿವಾರ ಮತ್ತೆ ಬನ್ನಿ. ಆಗ್ಲೂ ಆಗ್ಲಿಲ್ಲಾಂದ್ರೆ ಕುರ್ಚೀಲಿ ಕರ್ಟಿಸ್ ಕೂತ್ಕೋತಾನೆ."

ಮನೆಗೆ ಬಂದು ಹೇಳಿದಾಗ ಆರ್ಲೀನ್ ಬಿಸ್ಕತ್ತಿನ ಹಿಟ್ಟು ತಟ್ಟುತ್ತಿದ್ದಳು. "ಅವ್ನೇ ಕೂತ್ಕೊಳ್ಲಿ ಬಿಡು. ನಮ್ಮನೇಲಿ ಬೇರೆ ಕುರ್ಚಿ ಇಲ್ವಾ?" ಅಂದಳು. ಅವನು ಸಾರಿನಂತಹ ಗ್ರೇವಿಯಲ್ಲಿ ಚಮಚ ಆಡಿಸುತ್ತಾ ಕೂತ. ಅವನ ಮುಖ ನೋಡಿ ಅವಳು ಕೈತೊಳೆದು, "ನಡಿ, ಲವೋನ್ ಅಂಗ್ಡಿಗೆ ಹೋಗಣ. ಬಾಗ್ಲು ಹಾಕೋದ್ರೊಳಗೆ" ಅಂದಳು.

ಲವೋನ್ ಕ್ರೈಡರ್ ಎರೆಹುಳು, ಮೀನಿನ ಗಾಳ, ಬಂದೂಕು ಮೂರನ್ನೂ ಒಂದೇ ಸೂರಿನಡಿ ಮಾರುವವಳು. ಅಂಗಡಿ ಅವಳ ಅಪ್ಪನದು, ಬಾಯಿಯೂ ಅಪ್ಪನದೇ.

"ಚಿಕ್ಕದು ಬೇಕು ಲವೋನ್. ಹಗುರ ಇರ್ಬೇಕು, ಜೇಬಲ್ಲಿ ಇದೆ ಅಂತ ಗೊತ್ತಾಗ್ಬಾರ್ದು. ರಾಡ್ನಿ ಹತ್ರ ಇದ್ಯಲ್ಲ, ಅಂಥದ್ದು."

"ಎಲ್ರೂ ಇದನ್ನೇ ಹೇಳ್ಕೊಂಡು ಬರ್ತಾರೆ ಡೆಲ್ಬರ್ಟಣ್ಣ. ಚಿಕ್ಕದಾದ್ರೆ ಸುಲಭ ಅಂತ. ನಮ್ಮನೆ ಸಣ್ಣ ನಾಯಿ ನೋಡಿದೀರಲ್ಲ? ಪೋಸ್ಟಿನವನ ಪ್ಯಾಂಟ್ ಹರ್ದಿದ್ದು ಅದು. ದೊಡ್ಡದು ಮಲಗಿತ್ತು."

ಹಾಗೆನ್ನುತ್ತಲೇ ರಾಡ್ನಿಯ ಬಳಿ ಇದ್ದಂಥದ್ದೇ ಒಂದನ್ನು ಖಾಲಿಯಿದೆಯೆಂದು ತೋರಿಸಿ ಮುಂದಿಟ್ಟಳು. ಕರಿಯದು, ತೆಳ್ಳಗಿನದು, ಅಂಗೈಯಲ್ಲಿ ಅಡಗುವಂಥದ್ದು. ಮೇಲಿನ ಉಕ್ಕಿನ ಕವಚವನ್ನು ಹಿಂದಕ್ಕೆ ಎಳೆದು ಬಿಟ್ಟರೆ ಮೊದಲ ತೋಟಾ ಒಳಗೆ ಕೂರುತ್ತದೆ, ಆಮೇಲಿನವು ತಾವಾಗಿಯೇ ಬರುತ್ತವೆ. ಡೆಲ್ಬರ್ಟ್ ಎಳೆದ. ಅದು ಕದಲಲಿಲ್ಲ. ಉಸಿರು ಕಟ್ಟಿ ಎಳೆದ. ಹೆಬ್ಬೆರಳಿನ ಬುಡದಿಂದ ಮೊಣಕೈಯವರೆಗೆ ಯಾರೋ ಕಾದ ತಂತಿ ಎಳೆದ ಹಾಗಾಯಿತು.

"ಪಿಸ್ತೂಲು ಸಣ್ಣದಾದಷ್ಟೂ ಒಳಗಿನ ಸ್ಪ್ರಿಂಗು ಗಟ್ಟಿ ಇರ್ಬೇಕಾಗುತ್ತೆ," ಲವೋನ್ ಮೆಲ್ಲಗೆ ಹೇಳಿದಳು.

"ಕೊಡಿಲ್ಲಿ," ಅಂತ ಆರ್ಲೀನ್ ತೆಗೆದುಕೊಂಡು ಒಂದೇ ಸಲಕ್ಕೆ ಚಕ್ಕನೆ ಎಳೆದುಬಿಟ್ಟಳು.

"ಅತ್ತಿಗೇನ ಕುರ್ಚೀಲಿ ಕೂರ್ಸಿ," ಅಂದಳು ಲವೋನ್.

"ಅಯ್ಯೋ, ನಾನು ಪಾದ್ರಿ ಪ್ರಸಂಗ ಶುರುಮಾಡಿದ ತಕ್ಷಣ ತೂಕಡಿಸ್ತೀನಿ."

ಆಗ ಲವೋನ್ ಕೆಳಗಿನ ಅರೆಯಿಂದ ಇನ್ನೊಂದನ್ನು ತೆಗೆದಳು. ಸ್ವಲ್ಪ ದಪ್ಪ, ಹಳೆಯ ಮಾದರಿ. ಪಕ್ಕದ ಗುಂಡಿ ಒತ್ತಿದರೆ ಅದರ ನಳಿಗೆ ಹಕ್ಕಿಮರಿಯ ಕೊಕ್ಕಿನ ಹಾಗೆ ಮೇಲಕ್ಕೆ ತೆರೆದುಕೊಳ್ಳುತ್ತಿತ್ತು. ಬೆರಳಲ್ಲಿ ಮೊದಲ ತೋಟಾ ಇಟ್ಟು ಮುಚ್ಚಿದರೆ ಆಯಿತು, ಎಳೆಯುವ ಮಾತೇ ಇಲ್ಲ. ಅಂಗಡಿಯ ಹಿಂದಿನ ಮಣ್ಣುದಿಬ್ಬಕ್ಕೆ ಕರೆದುಕೊಂಡು ಹೋಗಿ ಹೊಡೆಸಿದಳು. ಡೆಲ್ಬರ್ಟ್ ಹೊಡೆದ ಗುಂಡುಗಳೆಲ್ಲ ಒಂದು ಅಂಗೈಯಗಲದೊಳಗೆ ಬಿದ್ದವು. ಕೈ ನೋಯಲಿಲ್ಲ. ಮುದುಕನ ಮುಖದಲ್ಲಿ ಬೆಳಗಿನಿಂದ ಇಲ್ಲದ ಬೆಳಕು ಬಂತು.

ಒಳಗೆ ಬಂದಾಗ ಎರೆಹುಳು ಕೊಳ್ಳಲು ಕರ್ಟಿಸ್ ನಿಂತಿದ್ದ. ಕಾವಲಿನ ತಂಡದವನೇ, ನಗಿಸದೆ ಇರಲಾರದ ಮನುಷ್ಯ.

"ಏನ್ ಬ್ರದರ್, ಹೊಸದಾ? ಎಷ್ಟರ ಗುಂಡು? ಇಪ್ಪತ್ತೆರಡರ ಪುಟಾಣಿ ಗುಂಡಾ! ಬಿಡಿ, ಇನ್ಮೇಲೆ ಚರ್ಚಿಗೆ ಅಳಿಲು ನುಗ್ಗಿದ್ರೆ ನಮ್ಗೆ ಭಯ ಇಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಡೆಲ್ಬರ್ಟನೂ ನಕ್ಕ. ಕರ್ಟಿಸ್ ಹುಳುವಿನ ಡಬ್ಬಿ ಹಿಡಿದು ಹೋದ ಮೇಲೆ ಬಹಳ ಹೊತ್ತು ಎರಡೂ ಪಿಸ್ತೂಲುಗಳನ್ನು ನೋಡುತ್ತಾ ನಿಂತ. ಅವನು ಕೊಂಡದ್ದು ಕರಿಯದನ್ನು, ರಾಡ್ನಿಯ ಬಳಿ ಇದ್ದಂಥದ್ದನ್ನು.

ಗಾಡಿಯಲ್ಲಿ ಆರ್ಲೀನ್ ಕೇಳಿದಳು: "ಎಳೆಯೋಕೇ ಬರಲ್ವಲ್ಲ ನಿಂಗೆ?"

"ಮೊದಲ್ನೇದು ನೀನು ಎಳೆದುಕೊಡು. ಆಮೇಲೆ ಅದೇ ನಡ್ಕೊಂಡು ಹೋಗುತ್ತೆ."

ಹೀಗೆ ಆ ಮನೆಯಲ್ಲಿ ಒಂದು ಹೊಸ ಪದ್ಧತಿ ಬಂತು. ಬೆಳಗ್ಗೆ ಆಡು ಕರೆದು ಒಳಬಂದ ಆರ್ಲೀನ್, ಹಿತ್ತಲ ಬಾಗಿಲಲ್ಲಿಟ್ಟ ಮರಳಿನ ಬಕೀಟಿನ ಕಡೆ ಪಿಸ್ತೂಲಿನ ಮೂತಿ ತಿರುಗಿಸಿ ಎಳೆದು, ಚರ್ಮದ ಒರೆಗೆ ಸೇರಿಸಿ ಮೇಜಿನ ಮೇಲಿಡುವಳು. "ತಗೋ ದೊರೆ. ನಿನ್ ಕಾಫಿ, ನಿನ್ ತಿಂಡಿ, ನಿನ್ ಪಿಸ್ತೂಲು." ಸಂಜೆ ಅದನ್ನು ಖಾಲಿ ಮಾಡುವವಳೂ ಅವಳೇ. ನಗುನಗುತ್ತಲೇ ನಡೆಯುತ್ತಿತ್ತು ಇದು. ಒಳಗೊಳಗೆ ಮಾತ್ರ ಡೆಲ್ಬರ್ಟನಿಗೆ ಏನೋ ಚುಚ್ಚುತ್ತಿತ್ತು. ಆಡಿನ ದೊಡ್ಡಿಯ ಹಿಂದೆ ಒಂದೆರಡು ಗುಂಡು ಹೊಡೆದು ನೋಡಿದ. ಪುಟ್ಟ ಪಿಸ್ತೂಲು ಕೈಯನ್ನು ಒದ್ದ ರೀತಿಗೆ ಅಂದು ಊಟದ ಚಮಚ ಹಿಡಿಯಲಾಗಲಿಲ್ಲ. ಹೀಗೇ ಅಭ್ಯಾಸ ಮಾಡಿದರೆ ಶನಿವಾರಕ್ಕೆ ಕೈಯೇ ಉಳಿಯುವುದಿಲ್ಲವೆಂದು ತನಗೆ ತಾನೇ ಹೇಳಿಕೊಂಡು ಬಿಟ್ಟುಬಿಟ್ಟ. ಎರಡು ಭಾನುವಾರ ಅದನ್ನೇ ಜೇಬಿನಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತ. "ಹೊಸದು ಬಂತಂತೆ" ಎಂದು ಕೇಳಿದವರಿಗೆ ತಲೆಯಾಡಿಸಿದ. ಪಾದ್ರಿಯ ಮಾತು ಒಂದೂ ಕಿವಿಗೆ ಬೀಳಲಿಲ್ಲ. ಮುಂದಿನ ಸಾಲುಗಳಲ್ಲಿ ಜಡೆ ಹಾಕಿಕೊಂಡ ಪುಟ್ಟ ತಲೆಗಳನ್ನು ನೋಡುತ್ತಾ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಿದ್ದ.

ಶನಿವಾರ ಜಲ್ಲಿಗುಂಡಿಯಲ್ಲಿ ಡಾಗ್‌ವುಡ್ ಮರದ ಬಿಳಿ ಹೂವು ಅರಳಿತ್ತು. ಆರ್ಲೀನ್ ಗಾಡಿಯಲ್ಲೇ ಕೂತು ಟೋಪಿ ಹೆಣೆಯುತ್ತಿದ್ದಳು. ಎಲ್ಲರೂ ಕಿವಿಗೆ ಮುಚ್ಚಳ ಹಾಕಿಕೊಂಡು ಹಿಂದೆ ನಿಂತರು. ಡೆಲ್ಬರ್ಟ್ ಕೈ ಚಾಚಿದ. ಮೊದಲ ಗುಂಡು ತಟ್ಟೆಯ ನಡುವಿಗೇ ಬಿತ್ತು. ಯಾರೋ "ಹಾಂ!" ಅಂದರು. ಎರಡನೆಯದೂ ತಟ್ಟೆಗೇ ಬಿತ್ತು. ಆದರೆ ಬೆರಳಿಗೆ ಬಲವಿಲ್ಲದೆ ಹಿಡಿತ ಸಡಿಲವಾಗಿತ್ತು. ಖಾಲಿ ತೋಟಾ ಹೊರಗೆ ಹಾರುವ ಬದಲು ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಹಾಕಿಕೊಂಡು ನಿಂತಿತು. ಕವಚವನ್ನು ಒಮ್ಮೆ ಹಿಂದಕ್ಕೆ ಎಳೆದರೆ ಬಿದ್ದುಹೋಗುವಂಥದ್ದು.

"ಎಳ್ದುಬಿಡಿ ಬ್ರದರ್," ರಾಡ್ನಿ ಹಿಂದಿನಿಂದ ಹೇಳಿದ.

ಡೆಲ್ಬರ್ಟ್ ಎಳೆದ. ಕೈ ಬದಲಿಸಿ ಎಳೆದ. ಉಗುರಿನ ಸಂದಿಯಲ್ಲಿ ರಕ್ತ ಜಿನುಗಿತು. ಪಿಸ್ತೂಲಿನ ಮೂತಿ ಮಾತ್ರ ದಿಬ್ಬದಿಂದ ಆಚೀಚೆ ಹೋಗಗೊಡಲಿಲ್ಲ, ಅಷ್ಟು ಎಚ್ಚರ ಇತ್ತು. ಹಿಂದಿನಿಂದ ಕರ್ಟಿಸ್ "ನಾನು ಎಳೆದುಕೊಡ್ಲಾ?" ಎಂದು ಮೆಲ್ಲಗೆ ಕೇಳಿದ, ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಬಾಗಿಲಲ್ಲಿ ಹೀಗೇ ಆಗಿದ್ದರೆ ಎಂಬ ಯೋಚನೆ ಡೆಲ್ಬರ್ಟನಿಗೆ ಹೊಳೆದದ್ದು ಆಗಲ್ಲ. ಎರಡು ವಾರದಿಂದ ಅದು ಒಳಗೇ ಇತ್ತು. ಈಗ ಅದನ್ನು ನೋಡದೆ ಇರಲಾಗಲಿಲ್ಲ, ಅಷ್ಟೇ.

"ಆರ್ಲೀನ್!" ಎಂದು ಕೂಗಿದ.

ಅವಳು ಹೆಣಿಗೆ ಇಟ್ಟು, ಇಳಿದು, ಜಲ್ಲಿಯ ಮೇಲೆ ಜೋಪಾನವಾಗಿ ಕಾಲಿಡುತ್ತಾ ಬಂದಳು. ಪಿಸ್ತೂಲನ್ನು ಅವನ ಕೈಯಿಂದ ದಿಬ್ಬದ ಕಡೆಗೇ ಮುಖಮಾಡಿ ತೆಗೆದುಕೊಂಡು ಚಕ್ಕನೆ ಎಳೆದಳು. ಹಿತ್ತಾಳೆಯ ಕೊಳವೆ ಕಲ್ಲಿನ ಮೇಲೆ ಟಣ್ಣೆಂದಿತು. "ತಗೋ, ಇನ್ನೂ ಇದೆ," ಅಂದಳು, ಎರಡನೆಯ ಸಲ ಪಲ್ಯ ಬಡಿಸುವ ದನಿಯಲ್ಲಿ.

ಡೆಲ್ಬರ್ಟ್ ತೆಗೆದುಕೊಳ್ಳಲಿಲ್ಲ. "ಖಾಲಿ ಮಾಡ್ಬಿಡು," ಅಂದ. ಅವಳು ಮಾಡಿ ಹಲಗೆಯ ಮೇಲಿಟ್ಟಳು.

ರಾಡ್ನಿ ಹತ್ತಿರ ಬಂದ. "ಬ್ರದರ್, ಇವತ್ತಿಗೇ ಮುಗೀತು ಅಂತ ಏನಿಲ್ಲ. ಲವೋನ್ ಹೇಳಿದ್ಳು, ಅವಳ ಹತ್ರ ಒಂದು ಇಪ್ಪತ್ತೆರಡರದ್ದು ಇದೆಯಂತೆ, ಅದ್ರಲ್ಲಿ ನೀವು ಚೆನ್ನಾಗಿ ಹೊಡೆದ್ರಂತೆ. ನನಗೇನೂ ಅಡ್ಡಿಯಿಲ್ಲ. ತಟ್ಟೆಗೆ ಬಿದ್ರೆ ಸಾಕು. ಮುಂದಿನ ವಾರ ತಗೊಂಡ್ ಬನ್ನಿ."

"ಅದೇ ವಿಷ್ಯ ರಾಡ್ನಿ," ಡೆಲ್ಬರ್ಟ್ ಹೇಳಿದ. ಅವನು ಹೆಚ್ಚು ಮಾತಿನವನಲ್ಲ, ಹಾಗಾಗಿ ಎಲ್ಲರೂ ಕಿವಿಯ ಮುಚ್ಚಳ ತೆಗೆದರು. "ನನ್ ಕೈಗೆ ಯಾವ್ದು ಆಗುತ್ತೆ ಅಂತ ಅವತ್ತೇ ಗೊತ್ತಿತ್ತು. ನಾಲ್ಕು ಜನ ನಕ್ರು ಅಂತ ಆಗದೇ ಇರೋದನ್ನ ತಗೊಂಡೆ. ತಗೊಂಡು ಎರಡು ಭಾನುವಾರ ನಿಮ್ ಮಕ್ಕಳ ಬೆನ್ನ ಹಿಂದೆ ಕೂತೆ. ನೀವೆಲ್ಲ ನಿಶ್ಚಿಂತೆಯಿಂದ ಕಣ್ ಮುಚ್ಕೊಂಡು ಪ್ರಾರ್ಥನೆ ಮಾಡಿದ್ರಿ, ಡೆಲ್ಬರ್ಟ್ ಇದಾನೆ ಅಂತ. ಡೆಲ್ಬರ್ಟ್ ಇರ್ಲಿಲ್ಲಪ್ಪ ಅಲ್ಲಿ."

"ನಾನು ತಮಾಷೆಗೆ ಅಂದಿದ್ದು ಬ್ರದರ್..." ಕರ್ಟಿಸ್‌ನ ಕಿವಿ ಕೆಂಪಾಗಿತ್ತು.

"ನಿಂದೇನ್ ತಪ್ಪು? ನೀನು ತಮಾಷೆ ಮಾಡೋದು ಇವತ್ತು ನಿನ್ನೆದಲ್ಲ. ಕೈ ಸೋತಿದ್ರೆ ಬೇರೆ ಪಿಸ್ತೂಲು ತಗೋಬೋದಿತ್ತು. ನಾನು ಸೋತಿದ್ದು ಕೈಯಲ್ಲಲ್ಲ. ಕುರ್ಚೀಲಿ ನೀನು ಕೂತ್ಕೋ. ಆ ಜಾಕ್ಸನ್ ಮನೆ ದೊಡ್ಡ ಮಗ ಈಚೆಗೆ ಮಂಕಾಗಿದಾನೆ, ಬಂದಾಗ ಎರಡು ಮಾತು ಜಾಸ್ತಿ ಆಡು. ಹೆಂಡತಿ ಅವನ್ನ ಬಿಟ್ಟುಹೋಗಿದಾಳೆ."

ರಾಡ್ನಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಹಿಂದಿರುಗುವಾಗ ಲವೋನ್ ಅಂಗಡಿಯಲ್ಲಿ ಇಳಿದರು. ಕರಿಯದನ್ನು ಕೊಟ್ಟು ನಳಿಗೆ ತೆರೆಯುವ ಆ ಹಳೆಯ ಮಾದರಿಯದನ್ನು ಕೇಳಿದ. ಅವಳು ಕಾರಣ ಕೇಳಲಿಲ್ಲ, ಕೊಟ್ಟಳು. "ಬಾಗ್ಲಿಗಲ್ಲ," ಡೆಲ್ಬರ್ಟ್ ತಾನಾಗಿಯೇ ಹೇಳಿದ. "ಹುಲ್ಲು ಬೆಳೀತಿದೆ. ಹಾವು ಏಳೋ ಕಾಲ."

ಗಾಡಿ ಏರಿದ ಮೇಲೆ ಅವನೇ ಗುಂಡಿ ಒತ್ತಿ, ನಳಿಗೆ ತೆರೆದು, ಖಾಲಿಯಿದೆಯೇ ನೋಡಿ ಮುಚ್ಚಿದ. ಇನ್ನೊಮ್ಮೆ ತೆರೆದು ಮುಚ್ಚಿದ.

"ಹಾಗಾದ್ರೆ ನನ್ ಕೆಲ್ಸ ಹೋಯ್ತು ಅನ್ನು," ಅಂದಳು ಆರ್ಲೀನ್.

"ಉಪ್ಪಿನಕಾಯಿ ಬಾಟ್ಲಿ ಇದೆ."

ಮರುದಿನ ಈಸ್ಟರ್. ಚರ್ಚು ಕಿಕ್ಕಿರಿದಿತ್ತು. ಡೆಲ್ಬರ್ಟ್ ಅಷ್ಟು ವರ್ಷಗಳಲ್ಲಿ ಮೊದಲ ಸಲ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತ, ಬಾಗಿಲಿಗೆ ಬೆನ್ನು ಮಾಡಿ. ಎಲ್ಲಿ ಕೈ ಇಡಬೇಕೋ ತಿಳಿಯದು. ಕುತ್ತಿಗೆಯ ಹಿಂಭಾಗ ಯಾರೋ ಉಸಿರು ಬಿಟ್ಟಂತೆ ಸುರುಸುರು ಅನ್ನುತ್ತಿತ್ತು. ಎರಡನೆಯ ಹಾಡಿನ ನಡುವೆ ಬಾಗಿಲು ಕಿರ್‌ ಎಂದಿತು. ಯಾರೋ ತಡವಾಗಿ ಬಂದರು. ಭಾರದ ಹೆಜ್ಜೆ, ಒಂದು ಕಾಲು ಎಳೆಯುವ ಹೆಜ್ಜೆ. ಯಾರಿರಬಹುದು? ಅವನ ಇಡೀ ಮೈ ಹಿಂದಕ್ಕೆ ತಿರುಗಲು ಹೊರಟಿತು.

ಆರ್ಲೀನ್ ಹಾಡು ನಿಲ್ಲಿಸದೆಯೇ ಅವನ ಮೊಣಕಾಲ ಮೇಲೆ ಕೈಯಿಟ್ಟಳು. ಬಿಗಿಯಾಗಿ ಒತ್ತಿದಳು.

ಹಿಂದೆ ಕರ್ಟಿಸ್‌ನ ಪಿಸುದನಿ ಕೇಳಿತು. "ಬನ್ನಿ, ಬನ್ನಿ. ಕಾಲು ಹೇಗಿದೆ ಈಗ?" ತಮಾಷೆಯ ದನಿಯಲ್ಲ ಅದು. ಬಂದವರು ಏನೋ ಉತ್ತರ ಕೊಟ್ಟರು, ಅವನಿಗೆ ಕೇಳಿಸಲಿಲ್ಲ. ಡೆಲ್ಬರ್ಟ್ ತಿರುಗಲಿಲ್ಲ. ಹೆಂಡತಿಯ ಕೈಯಲ್ಲಿದ್ದ ಹಾಡಿನ ಪುಸ್ತಕದ ಇನ್ನೊಂದು ಅಂಚನ್ನು ಹಿಡಿದುಕೊಂಡು, ಯಾವ ಸಾಲಿನಲ್ಲಿದ್ದಾರೆಂದು ಹುಡುಕತೊಡಗಿದ.